ಬಾಖ್ ಕೃತಿಗಳ ಸಂಖ್ಯೆ, ಕಾಲಾನುಕ್ರಮ ಮತ್ತು ನಂಬಬಹುದಾದ ಸ್ಕೋರ್

ನಮಸ್ಕಾರ. ಜರ್ಮನ್ ಸಂಗೀತ ರಚನಕಾರ ಬಾಖ್‌ನ ಕಾಂಟಾಟಾಗಳನ್ನು (ಗಾಯಕರೂ ವಾದಕರೂ ಸೇರಿ ಹೆಚ್ಚಾಗಿ ಚರ್ಚಿನ ಆರಾಧನೆಯಲ್ಲಿ ಪ್ರಸ್ತುತಪಡಿಸುವ ಕೃತಿಗಳನ್ನು) ಬಿಡಬ್ಲ್ಯೂವಿ 1ರಿಂದ, ಅಂದರೆ ಬಾಖ್ ಕೃತಿಸೂಚಿಯ ಮೊದಲ ಸಂಖ್ಯೆಯಿಂದ, ಸಂಖ್ಯೆಯ ಪ್ರಕಾರ ಕೇಳುತ್ತ ಹೋದರೆ ಆತನ ಬೆಳವಣಿಗೆ ಅರಿವಾಗುತ್ತದೆಯೇ ಎಂದೂ, ಪಿಯಾನೊ ಅಭ್ಯಾಸಕ್ಕೆ ಉಚಿತವಾಗಿ ಸಿಗುವ ಸ್ಕೋರ್‌ಗಳಲ್ಲಿ, ಅಂದರೆ ಮುದ್ರಿತ ಸ್ವರಲಿಪಿಗಳಲ್ಲಿ, ಯಾವುದನ್ನು ನಂಬಬೇಕೆಂದೂ ನೀವು ಕೇಳಿದ್ದೀರಿ. ಎರಡಕ್ಕೂ ಉತ್ತರ ಜರ್ಮನಿಯಲ್ಲಿ ಬಾಖ್ ಅಧ್ಯಯನ ನಡೆದುಬಂದ ದಾರಿಯಲ್ಲೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸಂಖ್ಯೆಯನ್ನು ಹಿಡಿದು ಹೋದರೆ ಬೆಳವಣಿಗೆ ತಿಳಿಯುವುದಿಲ್ಲ. ಮೊಜಾರ್ಟ್‌ನ ಕೃತಿಗಳಿಗೆ ಕೋಖೆಲ್ 1862ರಲ್ಲಿ ಕೊಟ್ಟ ಸಂಖ್ಯೆಗಳು ರಚನೆಯ ಕಾಲವನ್ನು ಅನುಸರಿಸುವುದರಿಂದ ಬಾಖ್‌ನ ವಿಷಯದಲ್ಲೂ ಹಾಗೆಯೇ ಇರಬೇಕೆಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ವೋಲ್ಫ್‌ಗಾಂಗ್ ಷ್ಮೀಡರ್ ಅವರು 1950ರಲ್ಲಿ ಪ್ರಕಟಿಸಿದ ಬಾಖ್ ಕೃತಿಸೂಚಿ ಸಂಗೀತಪ್ರಕಾರಗಳನ್ನು ಅನುಸರಿಸಿ ವಿಂಗಡಿಸಿದ್ದು: ಮೊದಲು ಕಾಂಟಾಟಾಗಳು, 525ರಿಂದ ಆರ್ಗನ್ ಕೃತಿಗಳು, 772ರಿಂದ ಇತರ ಕೀಲಿಮಣೆ ಕೃತಿಗಳು. ಕಾಂಟಾಟಾಗಳ ಒಳಗಿನ ಕ್ರಮವಂತೂ ಲೈಪ್ಜಿಗ್‌ನ ಬಾಖ್ ಸಂಘವು 1851ರಿಂದ ಸಂಪುಟಗಳನ್ನು ಅಚ್ಚು ಹಾಕಿಸಿದ ಕ್ರಮ, ಅಷ್ಟೇ. ಹೀಗಾಗಿ 1723ರ ಮೇ 30ರಂದು ಬಾಖ್ ಲೈಪ್ಜಿಗ್‌ನಲ್ಲಿ ಹೊಸ ಹುದ್ದೆಗೆ ಬಂದಾಗ ಹಾಡಿಸಿದ ಕಾಂಟಾಟಾಗೆ 75 ಎಂಬ ಸಂಖ್ಯೆಯೂ, 1725ರ ಮಾರ್ಚ್ 25ರಂದು ಮೊದಲು ಕೇಳಿಬಂದದ್ದಕ್ಕೆ 1 ಎಂಬ ಸಂಖ್ಯೆಯೂ ಬಂದಿವೆ.

ಈ ದಿನಾಂಕಗಳಲ್ಲಿ ಅನೇಕವು ಗೊತ್ತಾದ ಬಗೆಯೇ ಈ ಅಧ್ಯಯನದ ಅತ್ಯಂತ ಸ್ವಾರಸ್ಯಕರ ಭಾಗವೆಂದು ನನ್ನ ಅಭಿಪ್ರಾಯ. ಫಿಲಿಪ್ ಸ್ಪಿಟ್ಟಾ ಅವರು 1873 ಮತ್ತು 1880ರಲ್ಲಿ ಹೊರತಂದ ದೊಡ್ಡ ಜೀವನಚರಿತ್ರೆಯಲ್ಲಿ ಕೋರಾಲ್ ಕಾಂಟಾಟಾಗಳನ್ನು, ಅಂದರೆ ಲೂಥರನ್ ಸಭೆಯವರೆಲ್ಲ ಹಾಡುವ ಸ್ತುತಿಗೀತೆಗಳನ್ನು ಆಧರಿಸಿದ ಕಾಂಟಾಟಾಗಳನ್ನು, ಬಹುಮಟ್ಟಿಗೆ 1735ರ ನಂತರದವೆಂದು ತೀರ್ಮಾನಿಸಿದ್ದರು. ಸುಮಾರು ಎಂಬತ್ತು ವರ್ಷ ಇದೇ ಚಿತ್ರ ನಿಂತಿತು. 1957ರಲ್ಲಿ ಆಲ್ಫ್ರೆಡ್ ಡ್ಯೂರ್, 1958ರಲ್ಲಿ ಗೇಯೋರ್ಗ್ ಫಾನ್ ಡಾಡೆಲ್ಸೆನ್ ಎಂಬ ಜರ್ಮನ್ ಸಂಗೀತ ವಿದ್ವಾಂಸರು ಅದನ್ನು ಬುಡಮೇಲು ಮಾಡಿದರು. ಅವರು ಆಧರಿಸಿದ್ದು ಕಾಗದ ಮತ್ತು ಕೈಬರಹವನ್ನು. ರೂಪಾಯಿ ನೋಟನ್ನು ಬೆಳಕಿಗೆ ಹಿಡಿದರೆ ಗುರುತು ಕಾಣುವಂತೆ ಆ ಕಾಲದ ಕೈಕಾಗದದಲ್ಲೂ ತಯಾರಕನ ವಾಟರ್‌ಮಾರ್ಕ್ ಇರುತ್ತದೆ. ಆ ಗುರುತನ್ನು ಮೂಡಿಸುವ ತಂತಿಯ ಚೌಕಟ್ಟು ಬೇಗ ಸವೆಯುವುದರಿಂದ ಒಂದೇ ಬಗೆಯ ಗುರುತಿರುವ ಹಾಳೆಗಳು ಹೆಚ್ಚು ಕಡಿಮೆ ಒಂದೇ ಕಾಲದವು. ಗಾಯಕರಿಗೂ ವಾದಕರಿಗೂ ಬೇಕಾದ ಬಿಡಿ ಹಾಳೆಗಳನ್ನು ಭಾನುವಾರದೊಳಗೆ ನಕಲು ಮಾಡಿಕೊಡುತ್ತಿದ್ದವರಲ್ಲಿ ಅನೇಕರು ಲೈಪ್ಜಿಗ್‌ನಲ್ಲಿ ಬಾಖ್ ಕೆಲಸ ಮಾಡುತ್ತಿದ್ದ ಸೇಂಟ್ ಥಾಮಸ್ ಶಾಲೆಯ ಹುಡುಗರು. ಅವರು ಶಾಲೆಗೆ ಸೇರಿ ಬಿಟ್ಟುಹೋದಂತೆಲ್ಲ ಆ ಕೈಬರಹಗಳೂ ಬದಲಾಗುತ್ತ ಹೋದುದರಿಂದ, ಯಾರ ಕೈ ಯಾವ ಹಾಳೆಯಲ್ಲಿದೆ ಎಂದು ಜೋಡಿಸಿದಾಗ ವರ್ಷ ಮಾತ್ರವಲ್ಲ, ಎಷ್ಟೋ ಕಡೆ ವಾರವೇ ತಿಳಿಯಿತು. ಉಳಿದುಬಂದಿರುವ ಕಾಂಟಾಟಾಗಳಲ್ಲಿ ಹೆಚ್ಚಿನವು ಬಾಖ್ ಲೈಪ್ಜಿಗ್‌ಗೆ ಬಂದ ಮೊದಲ ಕೆಲವೇ ವರ್ಷಗಳಲ್ಲಿ ಹುಟ್ಟಿದವೆಂದೂ, ಕೋರಾಲ್ ಕಾಂಟಾಟಾಗಳ ಮುಖ್ಯ ಸಾಲು 1724ರ ಜೂನ್‌ನಲ್ಲಿ ಆರಂಭವಾಗಿ ಮುಂದಿನ ಮಾರ್ಚ್‌ನಲ್ಲಿ ನಿಂತಿತೆಂದೂ ಸ್ಪಷ್ಟವಾಯಿತು. ನೀವು ಮೊದಲು ಕೇಳಲು ಹೊರಟಿರುವ ಸಂಖ್ಯೆ 1 ವಾಸ್ತವದಲ್ಲಿ ಆ ಸಾಲಿನ ಕೊನೆಯದು!

ಆದ್ದರಿಂದ 1724ರ ಜೂನ್‌ನ ನಾಲ್ಕು ಕೃತಿಗಳಿಂದ ಆರಂಭಿಸಿರಿ: ಜೂನ್ 11ರ ಬಿಡಬ್ಲ್ಯೂವಿ 20, ಜೂನ್ 18ರ 2, ಜೂನ್ 24ರ 7, ಜೂನ್ 25ರ 135. ಪ್ರತಿಯೊಂದರ ಮೊದಲ ಭಾಗದಲ್ಲಿ ಸ್ತುತಿಗೀತೆಯ ಧಾಟಿಯನ್ನು ಯಾರು ಹಾಡುತ್ತಾರೆಂದು ಗಮನಿಸಿ. ಮೊದಲನೆಯದರಲ್ಲಿ ಅತಿ ಎತ್ತರದ ಧ್ವನಿಯಾದ ಸೊಪ್ರಾನೊ, ಎರಡನೆಯದರಲ್ಲಿ ಆಲ್ಟೊ, ಮೂರನೆಯದರಲ್ಲಿ ಟೆನರ್, ನಾಲ್ಕನೆಯದರಲ್ಲಿ ಅತಿ ತಗ್ಗಿನ ಬಾಸ್. ಶೈಲಿಯೂ ಬದಲಾಗುತ್ತದೆ, 20 ಫ್ರೆಂಚ್ ಓವರ್ಚರ್ ಎಂಬ ವಾದ್ಯ ಪೀಠಿಕೆಯ ಗತ್ತಿನಲ್ಲಿ ತೆರೆದುಕೊಂಡರೆ 2 ಮೋಟೆಟ್ ಎಂಬ ಹಳೆಯ ಚರ್ಚ್ ಗಾಯನದ ರೀತಿಗೆ ಮರಳುತ್ತದೆ. ಸಂಖ್ಯೆಯ ಪ್ರಕಾರ ಕೇಳುವವರಿಗೆ ಈ ಯೋಜನೆ ಎಂದೂ ಕಾಣುವುದಿಲ್ಲ. ಬಾಸೆಲ್ ಮಿಷನ್ ಪರಂಪರೆಯ ಕರಾವಳಿಯ ಸಭೆಗಳಲ್ಲಿ ಬೆಳೆದವರಿಗೆ ಕನ್ನಡ ಮಾತುಗಳಲ್ಲಿ ಹಾಡಿ ರೂಢಿಯಾದ ಜರ್ಮನ್ ಕೋರಾಲ್ ಧಾಟಿಗಳಿಂದಾಗಿ ಈ ಸಂಗೀತದ ಬಾಗಿಲು ಸ್ವಲ್ಪ ಬೇಗ ತೆರೆದೀತು.

ಇನ್ನು ಸ್ಕೋರ್‌ನ ವಿಷಯ. ಹಳೆಯ ಬಾಖ್ ಸಂಘದ ಆವೃತ್ತಿ 1851ರಿಂದ 1899ರವರೆಗೆ ಹೊರಬಂದದ್ದು, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಉಚಿತವಾಗಿ ಸಿಗುತ್ತದೆ, ಮತ್ತು ಆ ಕಾಲಕ್ಕೆ ಬಹಳ ಪ್ರಾಮಾಣಿಕವಾದ ಕೆಲಸ. ಕಾಂಟಾಟಾ ಸಂಪುಟಗಳಲ್ಲಿ ಸೊಪ್ರಾನೊ, ಆಲ್ಟೊ, ಟೆನರ್ ಸಾಲುಗಳನ್ನು ಹಳೆಯ ಸಿ ಕ್ಲೆಫ್‌ನಲ್ಲಿ (ಸಾಲಿನ ಆರಂಭದಲ್ಲಿ ಸ್ವರಸ್ಥಾನ ಸೂಚಿಸುವ, ಪಿಯಾನೊ ಸಂಗೀತದಲ್ಲಿ ಈಗ ಬಳಸದ ಚಿಹ್ನೆಯಲ್ಲಿ) ಮುದ್ರಿಸಿರುವುದರಿಂದ ಪಿಯಾನೊ ಕಲಿತವರಿಗೆ ಆರಂಭದಲ್ಲಿ ತೊಡಕಾಗುತ್ತದೆ. ಜರ್ಮನಿ ಎರಡಾಗಿದ್ದ ಕಾಲದಲ್ಲೂ ಗಟ್ಟಿಂಗೆನ್ ಮತ್ತು ಲೈಪ್ಜಿಗ್ ಸಂಸ್ಥೆಗಳು ಜೊತೆಗೂಡಿ 1954ರಿಂದ 2007ರವರೆಗೆ ಸಿದ್ಧಪಡಿಸಿದ ಹೊಸ ಬಾಖ್ ಆವೃತ್ತಿ ಹೆಚ್ಚು ವಿಶ್ವಾಸಾರ್ಹ. ಆದರೆ ಅದು ದುಬಾರಿ.

ನೀವು ಎಚ್ಚರದಿಂದಿರಬೇಕಾದದ್ದು ಇವೆರಡರ ಬಗ್ಗೆ ಅಲ್ಲ, 19ನೇ ಶತಮಾನದ ಪಿಯಾನೊ ಶಿಕ್ಷಕರು ಸಂಪಾದಿಸಿದ ಪ್ರತಿಗಳ ಬಗ್ಗೆ. ಬಾಖ್‌ನ ಕೀಲಿಮಣೆ ಕೃತಿಗಳ ಸಂಗ್ರಹವಾದ ವೆಲ್ ಟೆಂಪರ್ಡ್ ಕ್ಲಾವಿಯರ್‌ನ ಮೊದಲ ಪ್ರೆಲ್ಯೂಡ್ ತೆರೆದು ಬಾರ್‌ಗಳನ್ನು, ಅಂದರೆ ಲಂಬ ಗೆರೆಗಳ ನಡುವಿನ ತಾಳಘಟಕಗಳನ್ನು, ಎಣಿಸಿ. ಬಾಖ್ ಬರೆದದ್ದು 35. ನಿಮ್ಮ ಪ್ರತಿಯಲ್ಲಿ 36 ಇದ್ದರೆ 22 ಮತ್ತು 23ರ ನಡುವೆ ಷ್ವೆಂಕೆ ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ಹೆಚ್ಚುವರಿ ಬಾರ್ ಸೇರಿಕೊಂಡಿದೆ. ಪಿಯಾನೊ ಶಿಕ್ಷಕ ಚೆರ್ನಿಯವರ 1837ರ ಆವೃತ್ತಿಯಲ್ಲಿ ಅದಿದೆ. ಫ್ರೆಂಚ್ ಸಂಗೀತ ರಚನಕಾರ ಗೂನೋ ಇದೇ ಪ್ರೆಲ್ಯೂಡಿನ ಮೇಲೆ ತಮ್ಮ ಆವೇ ಮರೀಯಾ ಹಾಡನ್ನು ಕಟ್ಟಿದ್ದೂ ಅದನ್ನು ಸೇರಿಸಿಕೊಂಡೇ. ವೇಗ, ಗಟ್ಟಿ, ಮೆದು ಎಂಬ ಸೂಚನೆಗಳೂ ಚೆರ್ನಿ ಸೇರಿಸಿದವು. 1722ರ ಬಾಖ್‌ನ ಸ್ವಹಸ್ತಪ್ರತಿ ಬರ್ಲಿನ್‌ನ ಸ್ಟೇಟ್ ಲೈಬ್ರರಿಯಲ್ಲಿದ್ದು, ಅದರ ಪುಟಗಳನ್ನು ಬಾಖ್ ಡಿಜಿಟಲ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅನುಮಾನ ಬಂದ ಬಾರನ್ನು ಅಲ್ಲಿ ಹೋಲಿಸಿ ನೋಡಿ, ಆಮೇಲೆ ಬೆರಳಿಗೆ ರೂಢಿ ಮಾಡಿಕೊಳ್ಳಿ.

ಜರ್ಮನ್ ಬಾರದಿದ್ದರೆ ಕಾಂಟಾಟಾಗಳ ಬಗ್ಗೆ ಡ್ಯೂರ್ ಅವರೇ ಬರೆದ ಗ್ರಂಥ 2005ರಿಂದ ಇಂಗ್ಲಿಷ್‌ನಲ್ಲಿ ಲಭ್ಯವಿದೆ. ಅದು ಸಂಖ್ಯೆಯನ್ನು ಬಿಟ್ಟು ಚರ್ಚಿನ ವಾರ್ಷಿಕ ಪಂಚಾಂಗದ ಕ್ರಮದಲ್ಲಿ ಸಾಗುವುದರಿಂದ, ಮೇಲೆ ಹೇಳಿದ ನಾಲ್ಕನ್ನು ಕೇಳುವಾಗ ಆಯಾ ಭಾನುವಾರದ ಅಥವಾ ಹಬ್ಬದ ಪುಟವನ್ನು ತೆರೆದುಕೊಳ್ಳಿ.