ಗೇಟಿಗೆ ಬೀಗ ಬಿದ್ದಿದೆ, ನಮ್ಮ ಹಣವನ್ನು ಯಾರಲ್ಲಿ ಕೇಳುವುದು?

ಪ್ರಶ್ನೆ: ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ 2014ರ ಫೆಬ್ರವರಿಯಲ್ಲಿ ಲೇತ್ ಆಪರೇಟರ್ ಆಗಿ ಸೇರಿದೆ. ನಾವು ಎಂಬತ್ತು ಮಂದಿ ಇದ್ದೆವು. 2025ರ ಜೂನ್ ಕೊನೆಗೆ ಬೆಳಗಿನ ಪಾಳಿಗೆ ಹೋದರೆ ಗೇಟಿಗೆ ಬೀಗ. ಕೊನೆಯ ಸಂಬಳ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ, 20,800 ರೂಪಾಯಿ. ಈಗ ಅದೇ ಗೇಟಿನ ಮೇಲೆ ಲಿಕ್ವಿಡೇಟರ್ (ಕಂಪನಿಯ ಆಸ್ತಿ ಮಾರಿ ಬಾಕಿ ತೀರಿಸುವವರು) ನೇಮಕದ ನೋಟಿಸು ಅಂಟಿಸಿದ್ದಾರೆ. "ಕಂಪನಿಯೇ ಇಲ್ಲ, ಪರಿಹಾರ ಎಲ್ಲಿಂದ ಬರಬೇಕು?" ಎನ್ನುವ ಹಳೆಯ ಮ್ಯಾನೇಜರ್, ಲೆಕ್ಕ ಚುಕ್ತಾ ಆಗಿದೆ ಎಂಬ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಕಾಗದಕ್ಕೆ ಸಹಿ ಹಾಕಬೇಡಿ. ಲಿಕ್ವಿಡೇಟರ್ ಬಂದ ಮೇಲೆ ಕಂಪನಿಯ ಪರವಾಗಿ ಲೆಕ್ಕ ಮುಗಿಸುವ ಅಧಿಕಾರ ಮ್ಯಾನೇಜರಿಗೆ ಉಳಿದಿಲ್ಲ. ಕಂಪನಿಯೇ ಇಲ್ಲ ಎಂಬುದೂ ಸುಳ್ಳು. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ವಿಸರ್ಜನೆಯ ಆದೇಶ ಹೊರಡಿಸುವ ತನಕ ಕಂಪನಿ ಕಾನೂನಿನ ಕಣ್ಣಿನಲ್ಲಿ ಬದುಕಿಯೇ ಇರುತ್ತದೆ. ಕಾರ್ಮಿಕರ ಪರ ವಕೀಲಿಕೆ ಮಾಡುತ್ತಾ ಬಂದ ಇಷ್ಟು ವರ್ಷಗಳಲ್ಲಿ, ಈ ಒಂದು ಮಾತನ್ನು ನಂಬಿ ಮನೆಗೆ ಮರಳಿದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನಿಮ್ಮ ಕಾರ್ಖಾನೆ ಅದಕ್ಕೆ ಮೊದಲೇ ಮುಚ್ಚಿದ್ದರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯನ್ನೇ ಹಿಡಿಯೋಣ. ಅದರಂತೆ ಮುಚ್ಚುವಿಕೆಯ ಪರಿಹಾರವೆಂದರೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ. ಅರ್ಧ ತಿಂಗಳ ಸಂಬಳವೆಂದು ಹಿಡಿದರೆ 11 ವರ್ಷಕ್ಕೆ 1,14,400 ರೂಪಾಯಿ. ನೋಟಿಸು ಕೊಡದೆ ಮುಚ್ಚಿದ್ದಕ್ಕೆ ಒಂದು ತಿಂಗಳ ಸಂಬಳ ಬೇರೆ. ನಷ್ಟ, ಗೋದಾಮಿನಲ್ಲಿ ಉಳಿದ ಮಾಲು, ಮುಗಿದ ಲೀಸು, ಇಂಥ ಸಬೂಬು ಹೇಳಿ ಈ ಪರಿಹಾರವನ್ನು ಮೊಟಕುಗೊಳಿಸುವಂತಿಲ್ಲವೆಂದು ಕಾಯ್ದೆಯ ವಿವರಣೆಯಲ್ಲೇ ಬರೆದಿದೆ.

ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಸಿಗುವ ಇಡುಗಂಟು, ಬೇರೆಯದೇ ಹಕ್ಕು. ತಿಂಗಳಿಗೆ 26 ಕೆಲಸದ ದಿನವೆಂದು ಲೆಕ್ಕ; 20,800ನ್ನು 26ರಿಂದ ಭಾಗಿಸಿದರೆ ದಿನಕ್ಕೆ 800. ಅದನ್ನು ವರ್ಷಕ್ಕೆ 15 ದಿನದಂತೆ 15ರಿಂದ, ಮತ್ತೆ 11 ವರ್ಷದಿಂದ ಗುಣಿಸಿ: 1,32,000 ರೂಪಾಯಿ. ಒಂದು ಕೊಟ್ಟೆವು, ಇನ್ನೊಂದು ಕೇಳಬೇಡಿ ಎಂದರೆ ಒಪ್ಪಬೇಡಿ.

ಇನ್ನು, ಹಂಚಿಕೆಯ ಸರದಿ. ದಿವಾಳಿ ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಲಿಕ್ವಿಡೇಶನ್‌ಗೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ, ತಮ್ಮ ಅಡಮಾನವನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲದ ಸಮಕ್ಕೆ ನಿಲ್ಲುತ್ತದೆ. ಭವಿಷ್ಯ ನಿಧಿ, ಗ್ರಾಚ್ಯುಟಿ ನಿಧಿಗಳಲ್ಲಿರುವ ಹಣ ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ. ಹಾಗೆಂದು ಪೂರ್ತಿ ಮೊತ್ತ ಕೈಸೇರುತ್ತದೆಂದು ನಾನು ಭರವಸೆ ಕೊಡಲಾರೆ. ಯಂತ್ರ, ಜಾಗ ಎಷ್ಟಕ್ಕೆ ಮಾರಾಟವಾಗುತ್ತವೆ ಎಂಬುದರ ಮೇಲೆ ಅದು ನಿಂತಿದೆ. ಆದರೆ ಬಾಕಿ ಕೇಳಿ ಲಿಕ್ವಿಡೇಟರಿಗೆ ಅರ್ಜಿ ಹಾಕದವರ ಹೆಸರು ಪಟ್ಟಿಯಲ್ಲೇ ಬಾರದೆ ಹೋಗಬಹುದು.

ಗೇಟಿನ ನೋಟಿಸಿನಲ್ಲಿ ಅರ್ಜಿಯ ಕೊನೆಯ ದಿನಾಂಕವಿರುತ್ತದೆ, ಇಂದೇ ಹೋಗಿ ಫೋಟೊ ತೆಗೆದುಕೊಳ್ಳಿ. ಸಂಬಳ ಬಾಕಿ, ನೋಟಿಸು ವೇತನ, ಮುಚ್ಚುವಿಕೆಯ ಪರಿಹಾರ, ಗ್ರಾಚ್ಯುಟಿ ಇವನ್ನು ಅರ್ಜಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಪುರಾವೆ ಇಲ್ಲವೆಂದು ಹೆದರಬೇಡಿ. ಒಬ್ಬರು ನನ್ನ ಬಳಿಗೆ ತಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಸಂಬಳದ ಚೀಟಿಗಳ ಶಾಯಿ ಪೂರ್ತಿ ಮಾಸಿ, ಬರೀ ಮಡಿಕೆಯ ಗೆರೆಗಳು ಉಳಿದಿದ್ದವು. ಭವಿಷ್ಯ ನಿಧಿಯ ಪಾಸ್‌ಬುಕ್ಕಿನಲ್ಲಿ ಮಾತ್ರ ತಿಂಗಳು ತಿಂಗಳಿನ ವಂತಿಗೆ ದಾಖಲಾಗಿತ್ತು, ಅವರ ಸೇವೆಗೆ ಅದೇ ಸಾಕ್ಷಿಯಾಯಿತು. ನೀವೂ ಅದನ್ನು ಮುದ್ರಿಸಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಲಿಕ್ವಿಡೇಟರ್ ತಿರಸ್ಕರಿಸಿದರೆ ಆ ಆದೇಶ ಕೈಸೇರಿದ 14 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕು, ಆದೇಶ ತಲುಪಿದ ಲಕೋಟೆಯನ್ನೂ ಎಸೆಯಬೇಡಿ.