ನೊಬೆಲ್‌ಗೆ ‘ನಾಮನಿರ್ದೇಶನ’ ಆಗಿದೆಯಂತೆ, ನಂಬಬಹುದಾ?

ಪ್ರಶ್ನೆ: ನಮ್ಮೂರಿನ ಸಮಾಜಸೇವಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ‘ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶಿತರು’ ಎಂದು ಹಾಕಿದ್ದಾರೆ. ಇದು ನಿಜವೋ ಸುಳ್ಳೋ ತಿಳಿಯುವುದು ಹೇಗೆ? ನಿಜವಾಗಿದ್ದರೆ ಅದು ದೊಡ್ಡ ಗೌರವ ಅಲ್ವಾ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಜವೇ ಇರಬಹುದು. ಆದರೆ ದೊಡ್ಡ ಗೌರವ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸುವ ಹಕ್ಕು ಜಗತ್ತಿನಲ್ಲಿ ಸಾವಿರಾರು ಜನರಿಗಿದೆ. ಯಾವುದೇ ದೇಶದ ಸಂಸದರು, ಕೇಂದ್ರ ಸಚಿವರು, ಇತಿಹಾಸ, ಕಾನೂನು, ತತ್ವಶಾಸ್ತ್ರದಂಥ ವಿಷಯಗಳ ಪ್ರೊಫೆಸರ್‌ಗಳು, ಹಿಂದೆ ಈ ಪ್ರಶಸ್ತಿ ಪಡೆದವರು ಎಲ್ಲರೂ ಸೂಚಿಸಬಹುದು. ತಮ್ಮ ಹೆಸರನ್ನು ತಾವೇ ಕಳಿಸುವಂತಿಲ್ಲ, ಅಷ್ಟೇ. ಪರಿಚಯದ ಸಂಸದರೊಬ್ಬರು ಜನವರಿ 31ರೊಳಗೆ ಫಾರಂ ತುಂಬಿ ಕಳಿಸಿದರೆ ಕೆಲಸ ಆಯಿತು. 2025ರಲ್ಲಿ ಹೀಗೆ ಬಂದ ಹೆಸರುಗಳು 338. ಅದರಲ್ಲಿ 94 ಸಂಸ್ಥೆಗಳದ್ದು. ನಾಮನಿರ್ದೇಶನ ಆದ ಮಾತ್ರಕ್ಕೆ ಅದು ತಮ್ಮ ಮೆಚ್ಚುಗೆಯಲ್ಲ ಎಂದು ಈ ಪ್ರಶಸ್ತಿ ಕೊಡುವ ನಾರ್ವೆಯ ಸಮಿತಿಯೇ ಹೇಳುತ್ತದೆ.

ಹಳೆಯ ಪಟ್ಟಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1939ರಲ್ಲಿ ಹಿಟ್ಲರ್ ಹೆಸರೂ ಹೋಗಿತ್ತು! ಸ್ವೀಡನ್ನಿನ ಸಂಸದರೊಬ್ಬರು ವ್ಯಂಗ್ಯಕ್ಕೆಂದು ಕಳಿಸಿದ್ದರು, ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡರು. ಸ್ಟಾಲಿನ್ ಹೆಸರು 1945 ಮತ್ತು 1948ರಲ್ಲಿ ಹೋಗಿದೆ, ಅದು ವ್ಯಂಗ್ಯವೇನಲ್ಲ. ಅದೇ ಪಟ್ಟಿಯಲ್ಲಿ ನಮ್ಮ ಗಾಂಧೀಜಿ ಕೂಡ ಇದ್ದಾರೆ: 1937, 1938, 1939, 1947, ಮತ್ತೆ 1948. ಕೊನೆಯ ಸಲ ಸೂಚನೆಗೆ ಗಡುವು ಮುಗಿಯುವ ಹೊತ್ತಿಗೆ, ಜನವರಿ 30ರಂದು, ಅವರ ಹತ್ಯೆಯಾಯಿತು. ಬದುಕಿರುವವರಲ್ಲಿ ತಕ್ಕವರಿಲ್ಲ ಎಂದು ಆ ವರ್ಷ ಸಮಿತಿ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ.

ಇನ್ನು ಪರಿಶೀಲನೆ. ನೊಬೆಲ್ ನಿಯಮದಂತೆ ಯಾರನ್ನು ಯಾರು ಸೂಚಿಸಿದರು ಎಂಬ ದಾಖಲೆ 50 ವರ್ಷ ಗುಟ್ಟಾಗಿರುತ್ತದೆ. ಆಮೇಲಷ್ಟೇ ನೊಬೆಲ್ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಅಲ್ಲಿಯವರೆಗೆ ಸಮಿತಿ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಹೆಸರು ಸೂಚಿಸಿದವರೇ ಬಾಯಿಬಿಟ್ಟರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಸೂಚಿಸಿದವರು ಯಾರು, ಯಾವ ವರ್ಷ ಎಂದು ಕೇಳಿ ನೋಡಿ. ‘ನೊಬೆಲ್ ಅಂತಿಮ ಪಟ್ಟಿಯಲ್ಲಿದ್ದರು’ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಅಂಥ ಪಟ್ಟಿಯನ್ನು ಆ ಕಾಲಕ್ಕೆ ಹೊರಗೆ ಬಿಡುವುದೇ ಇಲ್ಲ.

ಎಲ್ಲ ಪ್ರಶಸ್ತಿಗಳೂ ಹೀಗಲ್ಲ. ಅಂತರರಾಷ್ಟ್ರೀಯ ಬುಕರ್‌ನವರು ಪಟ್ಟಿಗಳನ್ನು ತಾವೇ ಪ್ರಕಟಿಸುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಗೆಲ್ಲುವ ಮೊದಲೇ ಅವರ ಪುಸ್ತಕ 13ರ ಪಟ್ಟಿಯಲ್ಲಿ, ಆಮೇಲೆ 6ರ ಪಟ್ಟಿಯಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ತೀರ್ಪುಗಾರರು ಓದಿ ಆರಿಸಿದ ಪಟ್ಟಿ ಅದು. ಅದನ್ನು ಫ್ಲೆಕ್ಸ್‌ನಲ್ಲಿ ಹಾಕಿಕೊಂಡರೆ ನನ್ನ ತಕರಾರಿಲ್ಲ.

ಒಂದು ಎಚ್ಚರಿಕೆ: ನೊಬೆಲ್‌ಗೆ ಹೆಸರು ಕಳಿಸಲು ಶುಲ್ಕವೇ ಇಲ್ಲ. ನಿಮ್ಮೂರಿನಲ್ಲಿ ಯಾರಾದರೂ ‘ನೋಂದಣಿ’ಗೆ ದುಡ್ಡು ಕೇಳಿದರೆ ಕೊಡಬೇಡಿ.