ಬಾಯಾರಿಕೆಯೇ ಇಲ್ಲ ಅನ್ನುವ ಮಾವ, ಅಲಾರಂ ಇಟ್ಟ ಸೊಸೆ

ನಮಸ್ಕಾರ. ಮನೆಮಂದಿಗೆಲ್ಲ ದಿನಕ್ಕೆ 8 ಲೋಟ ನೀರು ಅಂತ ನಿಯಮ ಮಾಡಿ ಫೋನಿನಲ್ಲಿ ಅಲಾರಂ ಇಟ್ಟಿದ್ದೀರಿ. 78ರ ಮಾವ ಮಾತ್ರ ‘ಬಾಯಾರಿಕೆಯೇ ಇಲ್ಲ, ಸುಮ್ನೆ ಯಾಕೆ ಕುಡಿಸ್ತೀಯಮ್ಮ’ ಅಂತ ರೇಗುತ್ತಾರೆ. ಮಗಳ ಬಾಟಲಿ ಶಾಲೆಯಿಂದ ತುಂಬಿದ್ದು ತುಂಬಿದ ಹಾಗೇ ಬರುತ್ತದೆ. ನಾದಿನಿಯ ನಾಲ್ಕು ತಿಂಗಳ ಕೂಸಿಗೂ ಸೆಕೆಗೆ ನೀರು ಕುಡಿಸಬೇಕಾ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ಸರಿ, ಲೆಕ್ಕ ಸರಿಯಿಲ್ಲ.

ಕೂಸಿನ ವಿಷಯ ಮೊದಲು. ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು, ಎಷ್ಟೇ ಸೆಕೆಯಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ನೀರಿಗೇ ಹೊಟ್ಟೆ ತುಂಬಿದರೆ ಮಗು ಹಾಲು ಬಿಡುತ್ತದೆ. ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಪದೇ ಪದೇ ಹಾಲೂಡಿಸಲಿ, ತಾಯಿ ಚೆನ್ನಾಗಿ ನೀರು ಕುಡಿಯಲಿ.

ಇನ್ನು 8 ಲೋಟ. ಆ ಲೆಕ್ಕ ಬಹುಶಃ ಹುಟ್ಟಿದ್ದು ಹೀಗೆ. ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ 1945ರಲ್ಲಿ, ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದಿತ್ತು. ಅದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಜೊತೆಗೇ ಬರೆದಿತ್ತು. ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ ಅನ್ಸುತ್ತೆ! ಹಣ್ಣು, ತರಕಾರಿ, ಹಾಲು, ಅಷ್ಟೇ ಯಾಕೆ, ಕಾಫಿ ಟೀ ಕೂಡ ಲೆಕ್ಕಕ್ಕೆ ಬರುತ್ತವೆ. ಆರೋಗ್ಯವಾಗಿರುವ, ಬಿಸಿಲಲ್ಲಿ ದುಡಿಯದ ನಿಮ್ಮಂಥವರು ಬಾಯಾರಿದಾಗ ಕುಡಿದರೆ ಬಹುಮಟ್ಟಿಗೆ ಸಾಕು. ಮೂತ್ರ ತಿಳಿ ಹಳದಿಯಿದ್ದರೆ ಚಿಂತೆ ಬೇಡ. (ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಬಣ್ಣ ನಂಬಬೇಡಿ.)

ಮಗಳನ್ನು ಬೈಯುವ ಮೊದಲು ಶಾಲೆಯ ಶೌಚಾಲಯ ಹೇಗಿದೆ ಅಂತ ಕೇಳಿ. ಅಲ್ಲಿಗೆ ಹೋಗಲು ಅಸಹ್ಯಪಟ್ಟು ನೀರೇ ಮುಟ್ಟದ ಮಕ್ಕಳು ಎಷ್ಟೋ ಇದ್ದಾರೆ.

ಮಾವ ಸುಳ್ಳು ಹೇಳುತ್ತಿಲ್ಲ. ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. ಮೈಯಲ್ಲಿ ನೀರು ಉಳಿಸಿಕೊಳ್ಳುವ ಕಿಡ್ನಿಯ ಶಕ್ತಿಯೂ ಕುಗ್ಗುತ್ತದೆ. ಹುಟ್ಟಿದ ಕೂಸಿನ ತೂಕದಲ್ಲಿ ಮುಕ್ಕಾಲು ಪಾಲು ನೀರು, ಮುಪ್ಪಿನಲ್ಲಿ ಅರ್ಧದ ಹತ್ತಿರ. ಹಾಗಾಗಿ ಸ್ವಲ್ಪ ಕಡಿಮೆಯಾದರೂ ಬೇಗ ತಟ್ಟುತ್ತದೆ: ಮಲಬದ್ಧತೆ, ತಲೆಸುತ್ತು, ಎದ್ದು ನಿಂತಾಗ ಬೀಳುವುದು, ಮೂತ್ರದ ಸೋಂಕು. ನೀರು ಕಡಿಮೆಯಾಗಿದೆಯಾ ಅಂತ ಚರ್ಮ ಚಿವುಟಿ ನೋಡುವ ಪರೀಕ್ಷೆ ಇವರಿಗೆ ನಡೆಯುವುದಿಲ್ಲ, ಮುಪ್ಪಿನಲ್ಲಿ ಚರ್ಮ ಹೇಗೂ ಸಡಿಲವಾಗಿರುತ್ತದೆ.

ಆದರೆ ನನಗನ್ನಿಸುವುದು, ಇದು ಅರ್ಧ ಕಾರಣ ಮಾತ್ರ. ಇನ್ನರ್ಧವನ್ನು ಅವರು ಸೊಸೆಯ ಮುಂದೆ ಹೇಳಲಾರರು. ರಾತ್ರಿ ಮೂರು ಸಲ ಏಳಬೇಕು. ಮಂಡಿ ನೋವು, ಕತ್ತಲು, ಬಚ್ಚಲ ಹೊಸ್ತಿಲು. ಹೋಗುವಷ್ಟರಲ್ಲೇ ಆಗಿಬಿಟ್ಟರೆ ಅನ್ನುವ ನಾಚಿಕೆ ಬೇರೆ. ನೀವು ಪಕ್ಕದಲ್ಲಿಟ್ಟ ತುಂಬಿದ ಜಗ್ಗು ಎತ್ತಲು ಕೈ ನಡುಗುತ್ತದೆ, ಹಾಸಿಗೆ ಒದ್ದೆಯಾದರೆ ಅದಕ್ಕೂ ಮಾತು ಕೇಳಬೇಕು, ಅಲ್ವಾ? ಹಾಗಾಗಿ ಕುಡಿಯದಿರುವುದೇ ಸುಲಭ.

ಅಲಾರಂ ತೆಗೆಯಿರಿ. ಬಚ್ಚಲ ದಾರಿಗೆ ಒಂದು ಸಣ್ಣ ಲೈಟು, ಗೋಡೆಗೆ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ. ಹಿಡಿಯಿರುವ ಹಗುರ ಕಪ್ಪಿನಲ್ಲಿ ಅರ್ಧ ಮಾತ್ರ ತುಂಬಿಸಿ ಕೈಗೆಟುಕುವಲ್ಲಿ ಇಡಿ. ಮಾತ್ರೆ ನುಂಗುವಾಗ ಒಂದು ಗುಟುಕಿನ ಬದಲು ಲೋಟ ಪೂರ್ತಿ ಕುಡಿಯಲಿ. ಹೆಚ್ಚಿನದೆಲ್ಲ ಸಂಜೆಯೊಳಗೆ ಆಗಲಿ. ರಾತ್ರಿ ಪದೇ ಪದೇ ಏಳುವುದಕ್ಕೆ ಪ್ರಾಸ್ಟೇಟ್ ತೊಂದರೆಯೂ ಕಾರಣವಿರಬಹುದು, ತೋರಿಸಿ. ಈ ಮಾತನ್ನು ನಿಮ್ಮ ಯಜಮಾನರೇ ತೆಗೆದರೆ ಮಾವನಿಗೂ ಮುಜುಗರವಿಲ್ಲ.

ಇದೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಅವರಿಗೆ ಹೃದಯ ಅಥವಾ ಕಿಡ್ನಿಯ ಕಾಯಿಲೆ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಎಷ್ಟು ನೀರು ಅಂತ ಡಾಕ್ಟರೇ ಹೇಳಬೇಕು, ಜಾಸ್ತಿ ಕುಡಿಸಿದರೆ ಕಾಲು ಊದಿ ಉಸಿರು ಕಟ್ಟಬಹುದು. ವಾಂತಿ ಭೇದಿಯಾದರೆ ಬರೀ ನೀರು ಸಾಲದು, ಓಆರ್‌ಎಸ್ ಕೊಡಿ. ಅದರಲ್ಲಿರುವ ಸಕ್ಕರೆಯ ಜೊತೆಗೇ ಕರುಳು ಉಪ್ಪನ್ನೂ ನೀರನ್ನೂ ಎಳೆದುಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬೆರೆಸಿ. ಮಾವ ಇದ್ದಕ್ಕಿದ್ದಂತೆ ತಡಬಡಾಯಿಸಿದರೆ, ಮನೆಯವರ ಗುರುತು ಹತ್ತದಿದ್ದರೆ, ವಯಸ್ಸಾಯ್ತು ಅಂತ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

– ಸಂಪಾದಕ